ಶಂಕರಮ್ಮ ಕಟ್ಟಿದ ಶೀಟು ಜೋಲುವುದಿಲ್ಲ

ಗಂಡ ಯಜ್ಞೇಶರ ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ ಹಾಲಿನವನು ಎಂದಿನ ಹೊತ್ತಿಗೇ ಬಂದ. ಹಾಲು ಕಾಸಿಟ್ಟೆ. ಒಪ್ಪಿಕೊಂಡಿದ್ದ ಒಂದು ಲೇಖನ ಬಾಕಿ ಇತ್ತು. ನೆಮ್ಮಾರಿನ ಶಂಕರಮ್ಮನ ಬಗ್ಗೆ ಬರೆಯಬೇಕು ಎಂದು ಹೇಳಿದವರು ಅವರೇ. ಬಾಳಗಡಿಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಅವರು ಪ್ರತಿ ವರ್ಷ ಮಕ್ಕಳನ್ನು ನೆಮ್ಮಾರಿನ ಹೊಳೆದಡದ ಕ್ಯಾಂಪಿಗೆ ಕರೆತರುತ್ತಿದ್ದರು. ಕೊಪ್ಪದಿಂದ ಮೊದಲ ಬಸ್ಸು ಹಿಡಿದು ಶೃಂಗೇರಿಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ನೆಮ್ಮಾರಿಗೆ ಬಂದೆ.

ಹೊಳೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಶಂಕರಮ್ಮ ಆಗಲೇ ಕೆಲಸದಲ್ಲಿದ್ದಾರೆ. ದಡದುದ್ದಕ್ಕೂ ಹತ್ತು ಹನ್ನೆರಡು ಟೆಂಟುಗಳು. ಪ್ರತಿ ಟೆಂಟಿನ ಮೇಲೂ ಒಂದು ಟಾರ್ಪಾಲು, ಅದರ ಮೂಲೆಮೂಲೆಯಿಂದ ಗೂಟಕ್ಕೆ ಇಳಿಬಿಟ್ಟ ಹಗ್ಗ. ಶಂಕರಮ್ಮ ಒಂದೊಂದೇ ಹಗ್ಗವನ್ನು ಬೆರಳಿನಿಂದ ಮೀಟುತ್ತ ಬರುತ್ತಾರೆ. ಸದ್ದು ಗಟ್ಟಿಯಾಗಿದ್ದರೆ ಮುಂದಿನದಕ್ಕೆ. ಮಂಕಾಗಿದ್ದರೆ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು, ಗೂಟದ ಬಳಿಯ ಗಂಟನ್ನು ಹಿಡಿದು ಟಾರ್ಪಾಲಿನ ಕಡೆಗೆ ದೂಡುತ್ತಾರೆ. ಹಗ್ಗ ಬಿಗಿಯುತ್ತದೆ. ಗಂಟು ಇದ್ದಲ್ಲೇ ಕಚ್ಚಿಕೊಳ್ಳುತ್ತದೆ.

"ಇಬ್ಬನಿ ಬಿದ್ರೆ ಹಗ್ಗಕ್ಕೂ ಮೈಗಳ್ಳತನ ಬರ್ತದೆ ಅಮ್ಮ. ಬೆಳಿಗ್ಗೆ ಒಂದು ಸುತ್ತು ಎಬ್ಬಿಸ್ಕೊಂಡು ಬರ್ಬೇಕು" ಎನ್ನುತ್ತಾರೆ.

ಐವತ್ತರ ಆಸುಪಾಸಿನ ಶಂಕರಮ್ಮನಿಗೆ ಹಗ್ಗದ ಸಹವಾಸ ಹೊಸದಲ್ಲ. ಗಂಡ ವಾಸಪ್ಪ ಅಡಿಕೆ ಮರ ಹತ್ತಿ ಗೊನೆ ಕೊಯ್ಯುವಾಗ, ಗೊನೆ ಜಾರಿ ಬರುವ ಹಗ್ಗವನ್ನು ಕೆಳಗೆ ಹಿಡಿದು ನಿಲ್ಲುತ್ತಿದ್ದವರು ಇವರು. "ನಾನು ಸ್ವಲ್ಪ ಸಡಿಲ ಬಿಟ್ರೆ ಅಡಿಕೆ ಉದುರೋದು. ಅದರ ಹಿಂದೆ ಮರದ ಮೇಲಿಂದ ಬೈಗುಳ ಉದುರೋದು" ಎಂದು ನಗುತ್ತಾರೆ. ವಾಸಪ್ಪನ ಮಂಡಿ ಕೈಕೊಟ್ಟ ಮೇಲೆ ಮರ ಹತ್ತುವುದು ನಿಂತಿತು. ಶಂಕರಮ್ಮ ಕ್ಯಾಂಪಿಗೆ ಪಾತ್ರೆ ತೊಳೆಯಲು ಬಂದರು. ಆ ವರ್ಷವೇ ಒಂದು ಮಳೆಗೆ ಅಡುಗೆ ಜಾಗದ ಟಾರ್ಪಾಲು ನೀರು ತುಂಬಿ ಹೊಟ್ಟೆ ಬಿಟ್ಟಿತು. ಕುದಿಯುತ್ತಿದ್ದ ಸಾರಿನ ಮೇಲೆಯೇ ಕುಸಿಯಿತು. ಗಂಡಸರು ಕೋಲು ಹುಡುಕುತ್ತಿದ್ದಾಗ ಶಂಕರಮ್ಮ ಹಗ್ಗ ಬಿಚ್ಚಿ, ಒಂದು ಮೂಲೆ ತಗ್ಗಿಸಿ, ಮತ್ತೆ ಕಟ್ಟಿದರು. ಅಂದಿನಿಂದ ಪಾತ್ರೆ ಬೇರೆಯವರದು, ಹಗ್ಗ ಇವರದು.

ಗೊಬ್ಬರದ ಖಾಲಿ ಚೀಲದಲ್ಲಿ ಹಗ್ಗಗಳ ಸುರುಳಿಗಳಿವೆ. ಒಂದೊಂದಾಗಿ ಹೊರಗೆ ತೆಗೆದು ತೋರಿಸುತ್ತಾರೆ. ತೆಂಗಿನ ನಾರಿನದು ಗಂಟನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಮಳೆಗಾಲ ದಾಟುವುದಿಲ್ಲ. ಅಂಗಡಿಯ ಹಳದಿ ಪ್ಲಾಸ್ಟಿಕ್ ಹಗ್ಗ ಅಗ್ಗ, ಹಗುರ, ಆದರೆ ನುಣುಪು. "ಗಂಟು ಹಾಕಿ ತಿರುಗೋದ್ರೊಳಗೆ ಜಾರಿಕೊಂಡು ಹೋಗಿರ್ತದೆ, ಸಾಲ ತಗಂಡೋನ ಹಂಗೆ." ನೈಲಾನು ಗಟ್ಟಿ; ನೆನೆದರೆ ಮಾತ್ರ ಹಿಗ್ಗುತ್ತದೆ. ಅವರಿಗೆ ಬೇಕಾದದ್ದು ಪಾಲಿಯೆಸ್ಟರಿನದು: ಒಳಗೆ ಎಳೆ, ಮೇಲೆ ನೇಯ್ದ ಹೊದಿಕೆ, ಒದ್ದೆಯಾದರೂ ಅಳತೆ ಬದಲಿಸದ್ದು. ಬೆಟ್ಟ ಹತ್ತಲು ಬಂದವರು ಬಿಟ್ಟುಹೋದ ಅಂಥ ತುಂಡುಗಳನ್ನು ಜೋಪಾನ ಮಾಡಿಟ್ಟಿದ್ದಾರೆ.

ಗಂಟು ಮಾತ್ರ ಎಲ್ಲ ಕಡೆಯೂ ಒಂದೇ. ಗೂಟ ಸುತ್ತಿಸಿ ತಂದ ತುದಿಯನ್ನು ಅದೇ ಹಗ್ಗಕ್ಕೆ ಕುಣಿಕೆಯ ಒಳಗಡೆ ಎರಡು ಸುತ್ತು, ಹೊರಗಡೆ ಒಂದು ಸುತ್ತು. "ಕೈಯಲ್ಲಿ ದೂಡಿದ್ರೆ ಕೇಳ್ಬೇಕು, ಗಾಳಿ ಎಳೆದ್ರೆ ಕೇಳ್ಬಾರ್ದು. ಅಷ್ಟೇ ಅದ್ರ ಗುಣ."

ನಾವು ಮಾತಾಡುತ್ತಿದ್ದಾಗ ಕ್ಯಾಂಪ್ ನಡೆಸುವ ಸತೀಶ ಬರುತ್ತಾರೆ. ಊಟದ ಜಾಗದ ದೊಡ್ಡ ಟಾರ್ಪಾಲಿನ ಕೆಳಗೆ ನಿಂತು ಮೇಲೆ ನೋಡುತ್ತಾರೆ. ಎರಡು ಮರಗಳ ನಡುವೆ ಕಟ್ಟಿದ ನೈಲಾನು ಹಗ್ಗ ಇಬ್ಬನಿಗೇ ಬಾಗಿದೆ. ನಡುವೆ ನೀರು ನಿಂತಿದೆ.

"ಶಂಕರಮ್ಮ, ಇದು ಶೀಟಾ, ಉಯ್ಯಾಲೆಯಾ?"

"ನೀನು ತಂದ ಹಗ್ಗ ಮಾರಾಯ. ತೊಟ್ಟಿಲು ಆಗದೆ ಇದ್ದಿದ್ದೇ ಪುಣ್ಯ."

"ತಮಾಷೆ ಅಲ್ಲ. ಶನಿವಾರ ಶಾಲೆ ಮಕ್ಕಳು ಬರ್ತಾರೆ. ಆನ್‌ಲೈನಲ್ಲಿ ಹಾಕಿದ ಹಗ್ಗ ಮುಂದಿನ ವಾರ ಅಂತಿದೆ. ನಾಳೆ ಬೆಳಿಗ್ಗೆಯೊಳಗೆ ಶೀಟು ಸರಿಯಾಗಿ ನಿಲ್ಲದಿದ್ರೆ ಶೃಂಗೇರಿಯಿಂದ ಪೈಪಿನ ಶಾಮಿಯಾನ ಹಾಕಿಸ್ತೇನೆ. ಹಾಕಿಸಿದ ಮೇಲೆ ಅದೇ ಕಾಯಂ. ಟೆಂಟಿಗೂ ಅದೇ."

ಸತೀಶ ಹೋದ ಮೇಲೆ ಶಂಕರಮ್ಮ ಟಾರ್ಪಾಲನ್ನು ಕೋಲಿನಿಂದ ಎತ್ತಿ ನಿಂತ ನೀರು ಚೆಲ್ಲುತ್ತಾರೆ. ಪೈಪು ಬಂದರೆ ಹಗ್ಗ ಬೇಡ. ಹಗ್ಗ ಬೇಡವಾದರೆ ಇವರು ಮತ್ತೆ ಪಾತ್ರೆಗೆ.

"ನನ್ನ ಉದ್ದದ ಪಾಲಿಯೆಸ್ಟರ್ ಹಗ್ಗ ಇದ್ದಿದ್ರೆ ಈ ಮಾತೇ ಬರ್ತಿರಲಿಲ್ಲ" ಎನ್ನುತ್ತಾರೆ.

"ಎಲ್ಲಿ ಹೋಯಿತು?"

"ಬಾಳಗಡಿ ಕಾಲೇಜಿನ ಮೇಷ್ಟ್ರು ತಗಂಡು ಹೋದ್ರು. ಮನೇಲಿ ಗಂಟು ಕಲಿತು ತಂದುಕೊಡ್ತೇನೆ ಅಂದ್ರು. ಮಳೆಗಾಲ, ಕ್ಯಾಂಪೂ ಬಂದ್, ಹೋಗ್ಲಿ ಅಂತ ಕೊಟ್ಟೆ. ಇಷ್ಟೊತ್ತಿಗೆ ಹಗ್ಗವೇ ಮೇಷ್ಟ್ರಿಗೆ ಪಾಠ ಹೇಳ್ತಿರ್ಬೇಕು."

ಅವರು ನನ್ನ ಗಂಡ ಎಂದೆ. ತೀರಿಕೊಂಡರು, ನಿನ್ನೆ ಎಲ್ಲ ಮುಗಿಯಿತು ಎಂದೆ.

ಶಂಕರಮ್ಮ ಕೈಯಲ್ಲಿದ್ದ ಸುರುಳಿಯನ್ನು ಕೆಳಗಿಡುತ್ತಾರೆ. ನನ್ನ ಮುಖ ನೋಡುತ್ತಾರೆ, ಆಮೇಲೆ ಹೊಳೆ ನೋಡುತ್ತಾರೆ.

"ಹಗ್ಗದ ಮಾತು ಬಿಡಿ ಅಮ್ಮ. ಅದು ನಿಮ್ಮತ್ರನೇ ಇರ್ಲಿ. ನಾನು ಎಂತಾದ್ರೂ ಮಾಡ್ಕೊಳ್ತೇನೆ." ನೈಲಾನು ಹಗ್ಗವೊಂದರ ತುದಿಯನ್ನು ನನ್ನತ್ತ ಚಾಚಿ, "ಈ ತುದಿ ಒಂಚೂರು ಹಿಡ್ಕೊಳ್ತೀರಾ?"

ಹಿಡಿದುಕೊಂಡೆ. ಎರಡು ನೈಲಾನು ಹಗ್ಗಗಳನ್ನು ಒಟ್ಟಿಗೆ ಹೊಸೆದು ನೋಡಿದರು. ಮಧ್ಯಾಹ್ನದ ಹೊತ್ತಿಗೆ ಅದೂ ಬಾಗಿತು.

ಸಂಜೆ ಮನೆಗೆ ಬಂದಾಗ ಶಂಕರಮ್ಮನ ಆ ಹಗ್ಗವನ್ನು ಹುಡುಕಬೇಕಾಗಲಿಲ್ಲ. ಹಿತ್ತಲಿನಲ್ಲಿ ಗೋಡೆಯ ಕೊಕ್ಕೆಯಿಂದ ಪೇರಲೆ ಮರಕ್ಕೆ ಬಟ್ಟೆ ಒಣಗಿಸಲು ಯಜ್ಞೇಶರು ಕಟ್ಟಿದ್ದು ಅದನ್ನೇ. ಇಷ್ಟು ದಿನ ನೆಂಟರ ಒದ್ದೆ ಪಂಚೆ, ಸೀರೆಗಳನ್ನೆಲ್ಲ ಹೊತ್ತಿದೆ. ಜೋತಿರಲಿಲ್ಲ. ಗಂಟು ಪೇರಲೆ ಮರದ ಬಳಿ ಇತ್ತು. ಮರದ ಕಡೆಗೆ ಎಳೆದೆ. ಸರಿಯಿತು. ಬಿಚ್ಚಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಮರುದಿನ ಅದೇ ಬಸ್ಸುಗಳು. ಶಂಕರಮ್ಮ ಸುರುಳಿಯನ್ನು ಎರಡೂ ಕೈಗಳಲ್ಲಿ ತೆಗೆದುಕೊಳ್ಳುತ್ತಾರೆ. ಬೇಡ ಎನ್ನುವುದಿಲ್ಲ. ಉದ್ದಕ್ಕೂ ಬೆರಳಾಡಿಸುತ್ತ ಹೋಗಿ, ಗಂಟಿದ್ದ ಜಾಗದ ಸುಕ್ಕಿನ ಬಳಿ ನಿಲ್ಲುತ್ತಾರೆ.

"ಒಳಗಡೆ ಮೂರು ಸುತ್ತು ಹಾಕಿದ್ದರು" ಎಂದೆ.

"ನಾನು ಹೇಳಿಕೊಟ್ಟಿದ್ದು ಎರಡು." ತುಟಿಯಂಚಿನಲ್ಲಿ ನಗು. "ಮೇಷ್ಟ್ರಲ್ವಾ. ಒಂದಕ್ಕೆ ಎರಡು ಸಲ ಹೇಳಿ ಅಭ್ಯಾಸ."

ನನಗೂ ನಗು ಬಂತು.

ಮರಕ್ಕೆ ಗೋಣಿತಾಟು ಸುತ್ತಿ, ಅದರ ಮೇಲೆ ಹಗ್ಗ ಬಿಗಿಯುತ್ತಾರೆ. ಟಾರ್ಪಾಲು ಮೇಲೇರುತ್ತದೆ. ಹೊಳೆಯ ಕಡೆಯ ಮೂಲೆಗಳನ್ನು ತುಸು ತಗ್ಗಿಸುತ್ತಾರೆ. ಸತೀಶ ಏಣಿ ಇಟ್ಟು ಹತ್ತಿ, ಕೊಡಪಾನದ ನೀರನ್ನು ನಡುವಿಗೆ ಸುರಿಯುತ್ತಾರೆ. ನೀರು ನಿಲ್ಲದೆ ಒಂದೇ ಕಡೆಗೆ ಹರಿದು ಇಳಿಯುತ್ತದೆ. ಇನ್ನೊಂದು ಕೊಡ. ಅದೂ ಹಾಗೆಯೇ. ಸತೀಶ ಏಣಿಯ ಮೇಲಿಂದಲೇ ಶೃಂಗೇರಿಗೆ ಫೋನ್ ಮಾಡಿ ಶಾಮಿಯಾನ ಬೇಡ ಎನ್ನುತ್ತಾರೆ.

"ಶನಿವಾರ ಒಂದು ದಿನ ಮಳೆ ಬರದಿದ್ರೆ ಸಾಕಪ್ಪ" ಎನ್ನುತ್ತ ಇಳಿಯುತ್ತಾರೆ.

ಶಂಕರಮ್ಮ ಹಗ್ಗವನ್ನು ಒಮ್ಮೆ ಮೀಟಿ ನೋಡುತ್ತಾರೆ.

"ಬರ್ಲಿ ಮಾರಾಯ. ಮಕ್ಕಳು ಉಣ್ಣೋ ಹೊತ್ತಿಗೇ ಬರ್ಲಿ. ಇಲ್ಲದಿದ್ರೆ ಕಟ್ಟಿದ್ದು ಎಂತಕ್ಕೆ?"