ನನ್ನ ತಲೆದೆಸೆಯಲ್ಲಿ ಕೂತವನು

ಕತೆ ಕಟ್ಟುವುದು ನನಗೆ ಬರುವುದಿಲ್ಲ. ಅಂಧೇರಿಯ ಗಾರ್ಮೆಂಟ್ ಕಾರ್ಖಾನೆಯೊಂದರಲ್ಲಿ ಶರ್ಟಿಗೆ ಕಾಲರ್ ಹೊಲಿಯುವವಳು ನಾನು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಅನುಮಾನ ಇದ್ದವರು ಮಲಾಡಿನಲ್ಲಿ ನಾವು ಬಾಡಿಗೆಗಿರುವ ಚಾಳಿಗೆ ಬಂದು ನನ್ನ ಗಂಡನನ್ನೇ ಕೇಳಲಿ. ಅವನು ಬಾಯಿ ಬಿಡುವುದಿಲ್ಲ... ಆದರೆ ಅವನ ಮುಖ ನೋಡಿದವರು ಎರಡನೇ ಸಲ ಕೇಳುವುದಿಲ್ಲ.

ನನ್ನ ಹೆಸರು ಸುಶೀಲಾ. ತವರು ಬೆಟಗೇರಿ. ಹುಟ್ಟಿನಿಂದ ಕ್ರೈಸ್ತಳು. ಗಂಡ ಪ್ರಭಾಕರ ದೊಡ್ಡ ದೊಡ್ಡ ಬಿಲ್ಡಿಂಗುಗಳಲ್ಲಿ ಛಾವಣಿಯ ಕೆಳಗೆ ಪಿಒಪಿ ಪ್ಲಾಸ್ಟರಿನ ಸೀಲಿಂಗ್ ಕೂರಿಸುವ ಕೆಲಸದವನು. ಪರೇಲಿನ ನಮ್ಮ ಕನ್ನಡ ಪ್ರಾರ್ಥನಾ ಸಭೆಯಲ್ಲಿ ಅವನ ಹಾಗೆ ಹಾಡುವವರು ಇನ್ನೊಬ್ಬರಿರಲಿಲ್ಲ. ಕಣ್ಣು ಮುಚ್ಚಿ ದನಿ ಎತ್ತಿದನೆಂದರೆ ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಅದೇ ಮನುಷ್ಯ ಮನೆಗೆ ಬಂದು ಚಿಲಕ ಹಾಕಿ ಟಿವಿ ಸದ್ದು ಜೋರು ಮಾಡುತ್ತಿದ್ದ. ಸದ್ದು ಜೋರಾಯಿತೆಂದರೆ ನಾನು ಮೂಲೆ ಸೇರುತ್ತಿದ್ದೆ. ನನ್ನ ಹೊಟ್ಟೆಯಲ್ಲಿದ್ದ ಕೂಸು ಹೋದದ್ದು ಅವನ ಒದೆತಕ್ಕೆ. ಮೆಟ್ಟಿಲಿಂದ ಬಿದ್ದಳು ಅಂತ ಎಲ್ಲರಿಗೂ ಅವನೇ ಹೇಳಿದ, ಹೇಳುತ್ತ ಅತ್ತ ಕೂಡ.

ಪಾಸ್ಟರ್ ಹತ್ತಿರ ಹೋಗಿ ಹೇಳಿಕೊಂಡೆ.

"ದೇವರ ನಿನಗ ಆಶ್ರಯ, ತಂಗಿ. ಪ್ರಾರ್ಥನಾ ಮಾಡು. ಮನಿ ಮಾತ್ರ ಬಿಡಬ್ಯಾಡ."

ದೇವರಲ್ಲಿ ಆಶ್ರಯ ತೆಗೆದುಕೊಳ್ಳುವುದೆಂದರೆ ಎಲ್ಲಿಗೆ ಹೋಗುವುದು ಅಂತ ಕೇಳಬೇಕೆನಿಸಿತ್ತು. ಕೈಮುಗಿದು ಎದ್ದು ಬಂದೆ.

ಅಕ್ಟೋಬರಿನ ಸೆಕೆ ಆಗ. ಒಂದು ರಾತ್ರಿ ರೊಟ್ಟಿ ಹೊತ್ತಿತು. ಅವನು ಕೂಗಾಡಲಿಲ್ಲ. ಎದ್ದು ಬಂದು, ನನ್ನ ಮಣಿಕಟ್ಟು ಹಿಡಿದು, ಎಡ ಅಂಗೈಯನ್ನು ಕಾದ ಹಂಚಿಗೆ ಒತ್ತಿದ. ಒತ್ತಿ ಹಿಡಿದುಕೊಂಡೇ ನನ್ನ ಮುಖ ನೋಡುತ್ತಿದ್ದ... ಸೀಲಿಂಗ್ ಸಮ ಬಂತೋ ಇಲ್ಲವೋ ಅಂತ ನೋಡುವ ಹಾಗೆ. ಆಮೇಲೆ ಕೈ ತೊಳೆಯಲು ಮೂಲೆಯ ಬಚ್ಚಲಿಗೆ ಹೋದ. ನಾನು ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಓಡಿದೆ.

ಸ್ಟೇಷನ್ನಿಗೆ ಬಂದು ಸಿಕ್ಕ ಲೋಕಲ್ ಹತ್ತಿದೆ. ಎದುರಿಗೆ ಕೂತಿದ್ದ ಮೀನು ಮಾರುವ ಹೆಂಗಸು ನನ್ನ ಅಂಗೈ ನೋಡಿದಳು. ತನ್ನ ಬುಟ್ಟಿಯ ತಳದಲ್ಲಿ ಉಳಿದಿದ್ದ ಐಸಿನ ತುಂಡು ತೆಗೆದು, "ಹೇ ಧರ್ ಗ, ಪೋರಿ," ಇದನ್ನು ಹಿಡಿ ಮಗಳೇ ಅಂತ ಮರಾಠಿಯಲ್ಲಿ ಹೇಳಿ ಕೈಗಿಟ್ಟಳು. ದಾದರಿನವರೆಗೂ ಅದು ಕರಗುವುದನ್ನೇ ನೋಡುತ್ತ ಕೂತೆ.

ಈ ಊರಿನಲ್ಲಿ ಅಷ್ಟು ಹೊತ್ತಿನಲ್ಲಿ ನಾನು ಹೋಗಬಹುದಾದ ಜಾಗ ಪರೇಲಿನ ಪ್ರಾರ್ಥನಾ ಹಾಲ್ ಒಂದೇ. ದಾದರಿನಲ್ಲಿ ಇಳಿದು ಅಲ್ಲಿಗೆ ನಡೆದೆ. ಹಳೇ ಚಾಳಿನ ನೆಲಮಹಡಿಯ ಒಂದು ಕೋಣೆ ಅದು, ಇಲ್ಲಿನವರ ಬಾಯಲ್ಲಿ ಖೋಲಿ. ಬೀಗದ ಕೈ ಮೇಲಿನ ಮಹಡಿಯ ಎಸ್ತೇರಮ್ಮನ ಹತ್ತಿರ ಇರುತ್ತಿತ್ತು. ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದು ಮುದುಕಿಯಾದವಳು. ನನ್ನ ಕೈಯನ್ನು ದೀಪಕ್ಕೆ ಹಿಡಿದು ನೋಡಿ ಹಲ್ಲು ಕಚ್ಚಿದಳು. ತಣ್ಣೀರಲ್ಲಿ ಅದ್ದಿ, ಒಣ ಬಟ್ಟೆ ಸುತ್ತಿದಳು.

"ಮ್ಯಾಲೆ ಮಗಾ ಸೊಸಿ ಅದಾರ, ಜಾಗಾ ಇಲ್ಲವ್ವ. ಇಲ್ಲೇ ಹಾಲಿನ್ಯಾಗ ಇರು. ನಾ ಹೋದಮ್ಯಾಲೆ ಒಳಗಿಂದ ಚಿಲಕಾ ಹಾಕೋ. ಯಾರ ಬಂದರೂ ತಗೀಬ್ಯಾಡ."

"ಅಂವಾ ಬಂದರ, ಆಂಟಿ?"

"ಯಾರ ಬಂದರೂ ಅಂದೆ."

ಚಿಲಕ ಹಾಕಿದೆ. ಎರಡು ಸಲ ಎಳೆದು ನೋಡಿದೆ. ಬೆಂಚುಗಳ ನಡುವೆ ಚಾಪೆ ಹಾಸಿ, ದೀಪ ಆರಿಸಿ ಮಲಗಿದೆ. ಫಿನೈಲಿನ ವಾಸನೆ... ಹೊರಗಿನ ನಲ್ಲಿಯಿಂದ ನೀರು ತೊಟ್ಟಿಕ್ಕುವ ಸದ್ದು... ಅಂಗೈಯಲ್ಲಿ ಎದೆ ಬಡಿತ. ಮದುವೆಯಾದಾಗಿನಿಂದ ನಾನು ನೆಟ್ಟಗೆ ನಿದ್ದೆ ಮಾಡಿದವಳಲ್ಲ. ಕತ್ತಲೆಯಲ್ಲೇ ಬಾಯಿಬಿಟ್ಟು ಹೇಳಿದೆ:

"ಸ್ವಾಮಿ, ನಿನ್ನ ಮನಿಗೆ ಬಂದೀನಿ. ನನಗ ಬ್ಯಾರೆ ಏನೂ ಬ್ಯಾಡ. ನಿದ್ದಿ ಬೇಕು."

ಆಗ ಗೋಡೆ ಬದಿಯ ಪ್ಲಾಸ್ಟಿಕ್ ಕುರ್ಚಿಯೊಂದು ಸರಿಯಿತು.

ಇಲಿ ಅಂದುಕೊಂಡೆ. ಆದರೆ ಕುರ್ಚಿ ನಿಲ್ಲಲಿಲ್ಲ. ಕರ್... ಕರ್... ಅಂತ ನೆಲಕ್ಕೆ ಉಜ್ಜುತ್ತ ನನ್ನ ತಲೆಯ ತನಕ ಬಂತು. ಅದರ ಮೇಲೆ ಯಾರೋ ಕೂತರು. ಭಾರಕ್ಕೆ ಕುರ್ಚಿಯ ಕಾಲು ಕಿರುಗುಟ್ಟಿದ್ದು ಕೇಳಿಸಿತು. ಫಿನೈಲಿನ ವಾಸನೆ ಎಲ್ಲೋ ಹೋಗಿ, ಆಗತಾನೇ ಕೊಯ್ದ ಕಟ್ಟಿಗೆಯ ಘಮ ಬಂತು. ಕಿರುಚಲು ಬಾಯಿ ತೆರೆದೆ. ತಲೆಯ ಮೇಲಿಂದ, ಬಹಳ ಮೆಲ್ಲಗೆ, ನಮ್ಮ ಬೆಟಗೇರಿಯ ಮಾತಿನಲ್ಲೇ ಒಂದು ಗಂಡು ದನಿ ಹೇಳಿತು:

"ಮಕ್ಕೋ."

ಮಲಗು ಅನ್ನುವ ಆ ಒಂದು ಮಾತಿಗೆ ನನ್ನ ಮೈಯೆಲ್ಲ ಸಡಿಲಾಯಿತು. ಕೈ ಉರಿ ನಿಂತಿತು. ರೆಪ್ಪೆ ಎತ್ತಲಾರದಷ್ಟು ನಿದ್ದೆ ಬಂತು. ಹೆದರಿಕೆ ಇರಲಿಲ್ಲವೇ ಅಂತ ಕೇಳುತ್ತಾರೆ. ಇತ್ತು. ಆದರೆ ಅದು ನನ್ನ ಹತ್ತಿರ ಬರಲು ಆಗದೆ ದೂರ ನಿಂತ ಹಾಗಿತ್ತು.

ಎಷ್ಟು ಹೊತ್ತಾಗಿತ್ತೋ, ಬಾಗಿಲು ಬಡಿದ ಸದ್ದು.

"ಸುಶೀ... ಬಾಗಲಾ ತಗಿ." ಹಾಡುವಾಗಿನ ದನಿ, ಅಷ್ಟು ಇಂಪು. "ಸಿಟ್ಟಿನ್ಯಾಗ ಆತು. ಮನಿಗೆ ಹೋಗೂಣು ಬಾ."

ಏಳಲು ನೋಡಿದೆ, ಆಗಲಿಲ್ಲ. ಕುರ್ಚಿಯಲ್ಲಿದ್ದವನು ಎದ್ದ. ಬರಿಗಾಲಿನ ಹೆಜ್ಜೆಗಳು ಬಾಗಿಲ ಕಡೆ ಹೋದವು. ಚಿಲಕ ಒಳಗಿನಿಂದ ತೆರೆದುಕೊಂಡಿತು. ನಾನೇ ಹಾಕಿದ್ದ ಚಿಲಕ!

"ಯಾರಲೇ ನೀ? ಬಾಜೂಕ ಸರಿ..." ಪ್ರಭಾಕರನ ದನಿ ಅರ್ಧಕ್ಕೇ ನಿಂತಿತು. ಏನೋ ಕಬ್ಬಿಣದ್ದು ಕಲ್ಲಿನ ಮೇಲೆ ಬಿತ್ತು. ಆಮೇಲೆ ಅವನು ಚಿಕ್ಕ ಮಕ್ಕಳ ಹಾಗೆ ಅಳತೊಡಗಿದ.

"ಬ್ಯಾಡ್ರಿ... ಯಪ್ಪಾ, ಕೈಮುಗೀತೀನ್ರಿ... ಬ್ಯಾಡ್ರಿ..."

ಅವನು ಅಳುತ್ತಿರುವಾಗಲೇ ನನಗೆ ಪೂರಾ ನಿದ್ದೆ ಬಂತು.

ಎಚ್ಚರವಾದಾಗ ಬೆಳಗಾಗಿತ್ತು. ಹೊರಗೆ ಗದ್ದಲ, ಎಸ್ತೇರಮ್ಮ ನನ್ನ ಹೆಸರು ಹಿಡಿದು ಕೂಗುತ್ತಿದ್ದಳು. ಚಿಲಕ ನಾನು ಹಾಕಿದ ಹಾಗೆಯೇ ಇತ್ತು. ಬಾಗಿಲು ತೆರೆದರೆ ಹೊಸ್ತಿಲ ಹೊರಗೆ ಗೋಡೆಗೆ ಒರಗಿ ಪ್ರಭಾಕರ ಕೂತಿದ್ದ. ಎರಡೂ ತೋಳು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು. ಪಕ್ಕದಲ್ಲಿ ಸೀಲಿಂಗ್ ಶೀಟು ಕೊಯ್ಯುವ ಅವನ ಬ್ಲೇಡು ಬಿದ್ದಿತ್ತು. ಅದನ್ನು ನನಗಾಗಿಯೇ ತಂದಿದ್ದ.

ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಆಯಿತು, ನರಗಳ ಪರೀಕ್ಷೆ ಆಯಿತು. ಎಲ್ಲ ಸರಿಯಾಗಿಯೇ ಇದೆ ಅಂದರು. ಆದರೆ ಕೈಗಳು ಏಳಲಿಲ್ಲ. ವಾರ್ಡಿನಲ್ಲಿ ಯಾರೂ ಇಲ್ಲದಾಗ ಅವನು ಪಿಸುಗುಟ್ಟಿದ:

"ಆ ಮನಷಾ ಎಲ್ಲಿ?"

"ಯಾವ ಮನಷಾ?"

"ಬಾಗಲಾ ತಗದಂವಾ." ಅವನು ನನ್ನ ಮುಖ ಬಿಟ್ಟು ನನ್ನ ಭುಜದ ಹಿಂದೆ ನೋಡಿದ. ಸೊಂಟದ ಕೆಳಗೆ ಹಾಸಿಗೆ ಒದ್ದೆಯಾಯಿತು. ಆಸ್ಪತ್ರೆಯಲ್ಲಿ ಇರುವ ತನಕ ಮತ್ತೆ ಆ ವಿಷಯ ಎತ್ತಲಿಲ್ಲ.

ಅವನ ಕಡೆಯವರು ಯಾರೂ ಬರಲಿಲ್ಲ. ನಾನೇ ಮನೆಗೆ ಕರೆತಂದೆ. ಉಣ್ಣಿಸುತ್ತೇನೆ, ತೊಳೆಯುತ್ತೇನೆ, ಬಾಗಿಲಿಗೆ ಬೀಗ ಹಾಕಿ ಕೆಲಸಕ್ಕೆ ಹೋಗುತ್ತೇನೆ. ದೇವರು ನನ್ನನ್ನು ಕಾಪಾಡಿದ ಬಗೆಯನ್ನು ಪಾಸ್ಟರ್ ಸಭೆಯಲ್ಲಿ ನನ್ನಿಂದ ಸಾಕ್ಷಿಯಾಗಿ ಹೇಳಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿ ಸ್ತೋತ್ರ ಹೇಳಿದರು. ಎಸ್ತೇರಮ್ಮ ಮಾತ್ರ ತಟ್ಟಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

ರಾತ್ರಿ ನಾನು ಮಲಗಿದ ಕೂಡಲೇ ಆ ಕಟ್ಟಿಗೆಯ ಘಮ ಬರುತ್ತದೆ. ಯಾರೋ ತಲೆಯ ಬಳಿ ಕೂರುತ್ತಾರೆ. ಹಸುಗೂಸಿನ ಹಾಗೆ ನಿದ್ದೆ ಹೋಗುತ್ತೇನೆ. ಪ್ರಭಾಕರ ನಿದ್ದೆ ಮಾಡುವುದಿಲ್ಲ. ಬೆಳಗಿನ ತನಕ ನನ್ನ ತಲೆಯ ಬಳಿಯ ಖಾಲಿ ಜಾಗವನ್ನೇ ನೋಡುತ್ತ ಬಿದ್ದಿರುತ್ತಾನೆ. ಅಳುತ್ತಾನೆ, ಕಣ್ಣೀರು ಒರೆಸಿಕೊಳ್ಳಲು ಆಗುವುದಿಲ್ಲ.

"ಸುಶೀ, ಅವಗ ಹೋಗಂತ ಹೇಳ. ಸಾಕಂತ ಹೇಳ. ನೀ ಹೇಳಿದರ ಕೇಳ್ತಾನ."

ಒಂದು ರಾತ್ರಿ ನನಗೇ ತಡೆಯಲಾಗಲಿಲ್ಲ. ಎದ್ದು ಕೂತು, "ಸ್ವಾಮಿ, ಇವನ್ನ ಬಿಟ್ಟುಬಿಡು," ಅಂದೆ.

ತಲೆಯ ಬಳಿ ಇದ್ದವನು ಎದ್ದ ಸದ್ದಾಯಿತು. ಹೆಜ್ಜೆಗಳು ಬಾಗಿಲ ಕಡೆ ಹೊರಟವು. ಘಮ ತೆಳ್ಳಗಾಯಿತು. ಖೋಲಿಯೊಳಗೆ ಒಮ್ಮೆಲೇ ಸೆಕೆ ತುಂಬಿತು... ಪ್ಯಾಸೇಜಿನ ಬೆಳಕಿನಲ್ಲಿ ಪ್ರಭಾಕರನ ಕೈ ಕಂಡಿತು. ಒಂದು ಬೆರಳು ಅಲುಗಿತು. ಆಮೇಲೆ ಇನ್ನೊಂದು. ಬೆರಳುಗಳು ಒಂದೊಂದಾಗಿ ಒಳಗೆ ಮಡಿಚಿಕೊಂಡು ಬಿಗಿಯಾದ ಮುಷ್ಟಿಯಾದವು. ಅವನ ಮುಖ ನೋಡಿದೆ. ಕಣ್ಣೀರು ಇನ್ನೂ ಹರಿಯುತ್ತಿತ್ತು, ಆದರೆ ಅವನು ಈಗ ಬಾಗಿಲ ಕಡೆ ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದ... ಹಂಚಿನ ಮುಂದೆ ನಿಂತು ನೋಡಿದ್ದನಲ್ಲ, ಹಾಗೆಯೇ.

"ಹೋಗಬ್ಯಾಡ!" ಅಂತ ಕೂಗಿದೆ. "ಸ್ವಾಮಿ, ಹೋಗಬ್ಯಾಡ!"

ಹೆಜ್ಜೆಗಳು ನಿಂತವು. ತಿರುಗಿ ಬಂದವು. ಪ್ರಭಾಕರ ಇಡೀ ಚಾಳು ಏಳುವಂತೆ ಕಿರುಚಿದ. ಮುಷ್ಟಿ ಬಿಚ್ಚಿ ಕೈ ಚಾಪೆಯ ಮೇಲೆ ಬಿತ್ತು. ಆಮೇಲೇನಾಯಿತೋ ಗೊತ್ತಿಲ್ಲ. ನನಗೆ ನಿದ್ದೆ ಬಂದಿತ್ತು.

ಅಂದಿನಿಂದ ಅವನು ನನ್ನನ್ನು ಬೇಡುವುದು ಬಿಟ್ಟಿದ್ದಾನೆ. ಈಗ ತಾನೇ ಪ್ರಾರ್ಥನೆ ಮಾಡುತ್ತಾನೆ. "ನನಗೂ ನಿದ್ದಿ ಕೊಡು, ಸ್ವಾಮಿ. ಒಂದ ರಾತ್ರಿ," ಅಂತ ಬಿಡದೆ ಗೊಣಗುತ್ತಿರುತ್ತಾನೆ. ಆ ಇಂಪು ದನಿ ಉಳಿದಿಲ್ಲ, ಒಡೆದುಹೋಗಿದೆ. ನಿಜವಾಗಿ ಕೇಳುತ್ತಿದ್ದಾನೆ ಅನಿಸುತ್ತದೆ. ಒಮ್ಮೊಮ್ಮೆ ಅನಿಸುವುದಿಲ್ಲ. ಬಡಗಿಯ ಮನೆಯಲ್ಲಿ ಬೆಳೆದವನು, ಕರುಣೆ ಇರುವವನು ನಮ್ಮ ಸ್ವಾಮಿ ಅಂತ ಚಿಕ್ಕಂದಿನಿಂದ ಕಲಿತವಳು ನಾನು. ನನ್ನ ತಲೆಯ ಬಳಿ ಬಂದು ಕೂರುವವನು ಅವನೇ ಹೌದೋ ಅಲ್ಲವೋ, ಯಾರನ್ನು ಕೇಳಲಿ? ಕೇಳಿದರೆ ಎದ್ದು ಹೋದಾನು ಅನ್ನುವ ಭಯ ಬೇರೆ.

ನಿನ್ನೆ ಬೆಳಿಗ್ಗೆ ಗಂಜಿ ಕುಡಿಸುವಾಗ ಪ್ರಭಾಕರ ಕೇಳಿದ:

"ನಾ ಮಾಡೂ ಪ್ರಾರ್ಥನಾ ಅವಗ ಕೇಳಸ್ತದೇನ, ಸುಶೀ?"

ನಾನು ಚಮಚ ಅವನ ಬಾಯಿಗಿಟ್ಟೆ.