ಲಕ್ಕವ್ವನ ಕೊಟ್ಟಿಗೆಯಲ್ಲಿ ನಮ್ಮಕ್ಕನ ಸಂಸಾರ

ಅಥಣಿಯಲ್ಲಿ ಸ್ನೇಹಲಳ ಆಫೀಸು ಹುಡುಕುವವರು ಯಾರನ್ನೂ ದಾರಿ ಕೇಳಬೇಕಾಗಿರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ದ್ರಾಕ್ಷಿಗೆ ಹೊಡೆಯುವ ಔಷಧದ ವಾಸನೆ ಎಲ್ಲಿ ಮೂಗಿಗೆ ಬಡಿಯುತ್ತದೋ ಅಲ್ಲಿ ನಿಂತು ತಲೆ ಎತ್ತಿದರೆ ಸಾಕು. ಔಷಧದ ಅಂಗಡಿಯ ಮೇಲಿನ ಮಹಡಿಯಲ್ಲಿ ‘ಸ್ನೇಹಲ ಇಂಟೀರಿಯರ್ಸ್’ ಎಂಬ ಬೋರ್ಡು. ಮೆಟ್ಟಿಲು ಹತ್ತಿ ಬರುವ ಹತ್ತು ಮಂದಿಯಲ್ಲಿ ಎಂಟು ಮಂದಿಯ ಕೈಯಲ್ಲಿ ರೋಗ ಬಿದ್ದ ಎಲೆ ಇರುತ್ತಿತ್ತು. ಅವಳು ಬೇಸರಿಸದೆ ಎಲೆಯನ್ನು ತಿರುವಿ ನೋಡಿ, “ಔಷಧ ಕೆಳಗ ಸಿಗತೈತ್ರಿ ಕಾಕಾ. ಇಲ್ಲಿ ಕಪಾಟು, ಅಡಗಿಮನಿ, ಅಂಥಾವು ಮಾಡತೀವಿ” ಎನ್ನುತ್ತಿದ್ದಳು. ಕಾಕಾ ಸುತ್ತಲೂ ನೋಡಿ, “ಕಪಾಟು ಎಲ್ಲಿ ಅದಾವವಾ?” ಎಂದು ಕೇಳಿ ಇಳಿದು ಹೋಗುತ್ತಿದ್ದ.

ಸ್ನೇಹಲ ಉಗಾರ ಖುರ್ದದ ಹುಡುಗಿ. ಅಪ್ಪ ಪಾರಿಸ, ಊರಿನ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕೆಲಸದಲ್ಲಿದ್ದವನು. ಅಲ್ಲಿಯ ಹೈಸ್ಕೂಲಿನಲ್ಲಿ ಗಣಿತ ಹೇಳುವವನು ನಾನು. ಹತ್ತನೆಯ ಇಯತ್ತೆಯ ಪರೀಕ್ಷೆಯಲ್ಲಿ ಅವಳಿಗೆ ನನ್ನ ಗಣಿತದಲ್ಲಿ ಮೂವತ್ತಾರು ಬಂದಿತ್ತು. ಮುಂದೆ ಸಾಂಗ್ಲಿಗೆ ಹೋಗಿ ಇಂಟೀರಿಯರ್ ಡಿಪ್ಲೊಮಾ ಮಾಡಿ ಬಂದಳೆಂದು ಕೇಳಿದಾಗ ನಾನು ಮಾಡಿದ ಮೊದಲ ವಿಚಾರ, ಈ ಹುಡುಗಿ ಅಳತೆ ಹೇಗೆ ತೆಗೆದುಕೊಳ್ಳುತ್ತಾಳೆ ಎಂದು. ಮೂವತ್ತಾರು ಬಂದದ್ದರಲ್ಲಿ ಮಾಸ್ತರನ ಪಾಲೂ ಇರಬಹುದೆಂಬ ವಿಚಾರ ಮಾಸ್ತರರಿಗೆ ಸಾಮಾನ್ಯವಾಗಿ ಬರುವುದಿಲ್ಲ.

ಮೂರು ವರ್ಷದಲ್ಲಿ ಅವಳು ಮಾಡಿದ ಕೆಲಸ ಇಷ್ಟು: ಒಂದು ಬ್ಯೂಟಿ ಪಾರ್ಲರಿನ ಕನ್ನಡಿ ಗೋಡೆ, ಹಲ್ಲಿನ ಡಾಕ್ಟರರ ದವಾಖಾನೆಯಲ್ಲಿ ಜನ ಕೂರುವ ಖೋಲಿ, ಮತ್ತು ಹನ್ನೊಂದು ಟಿವಿ ಶೋಕೇಸು. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ನನ್ನೆದುರು ಹೇಳಿದಳು, “ಸರ್, ಎಲ್ಲಾರೂ ಒಂದೊಂದು ಗ್ವಾಡಿ ಕೊಡತಾರ್ರಿ. ಇಡೀ ಮನಿ ಯಾರೂ ಕೊಡವಲ್ರು. ಒಂದ ಒಂದು ಇಡೀ ಮನಿ ಮಾಡಿದ್ನೆಂದ್ರ ನೋಡಿದವರು ತಾವ ಬರತಾರ.”

“ಬರತಾವ ಬಿಡು, ಅವಸರ ಯಾಕ?”

“ಅಪ್ಪಾ ಕೊಲ್ಲಾಪುರದ ಟೈಲ್ಸ್ ಶೋರೂಮಿನ್ಯಾಗ ನೌಕರಿ ನೋಡ್ಯಾರ್ರಿ. ಜನವರಿ ಒಂದಕ್ಕ ಹಾಜರಾಗಬೇಕು. ಅಷ್ಟರಾಗ ಇಡೀ ಮನಿ ಸಿಕ್ರ ನೌಕರಿ ಬಿಡತೀನಿ, ಇಲ್ಲಂದ್ರ ಬೋರ್ಡ್ ಇಳಿಸಿ ಹೋಗತೀನಿ ಅಂತ ನಾನೂ ಒಪ್ಕೊಂಡೀನಿ.”

ಅದು ಎರಡು ಸಾವಿರದ ಹದಿನೆಂಟರ ನವೆಂಬರ. ಸತ್ತಿ ಎಂಬ ಊರಿನಲ್ಲಿ ನಮ್ಮ ಅಕ್ಕ ಗಿರಿಜವ್ವ ಮತ್ತು ಅವಳ ಗಂಡ ಧರೆಪ್ಪ ಮಾಮಾ ಹೊಸ ಮನೆ ಕಟ್ಟಿಸಿ, ವಾಸ್ತುಶಾಂತಿ ಮುಗಿಸಿ, ಕಪಾಟಿಲ್ಲದ ಮನೆಯಲ್ಲಿ ಮೂರು ತಿಂಗಳಿಂದ ಇದ್ದರು. ಕಬ್ಬು, ದ್ರಾಕ್ಷಿ ಎರಡೂ ಇರುವ ಮನೆ. ಒಳಗಿನ ಕೆಲಸ ಯಾರಿಗೆ ಕೊಡಬೇಕೆಂದು ಮಾಮಾ ನನ್ನನ್ನು ಕೇಳಿದ್ದ. ಊರಲ್ಲಿ ಓದಿದವರನ್ನು ಎಲ್ಲವನ್ನೂ ಕೇಳುತ್ತಾರೆ. ಓದಿದವರೂ ಎಲ್ಲದಕ್ಕೂ ಹೇಳುತ್ತಾರೆ. ನಾನು ಸ್ನೇಹಲಳನ್ನು ಕರೆದುಕೊಂಡು ಹೋದೆ.

ಚಹಾ ಕುಡಿದು ಕಪ್ಪು ಕೆಳಗಿಟ್ಟವಳೇ ಹುಡುಗಿ ನೋಟ್‌ಬುಕ್ ತೆಗೆದಳು. “ಮಾವಶಿ, ಮನ್ಯಾಗಿನ ಸಾಮಾನು ಎಲ್ಲಾ ಒಮ್ಮೆ ತೋರಸ್ರಿ. ಒಳಗಿನ ಖೋಲಿ, ಅಟ್ಟ, ಕಾಟಿನ ಬುಡಕ ಇದ್ದದ್ದು, ಎಲ್ಲಾ ಬರಕೋತೀನಿ.”

ಅಕ್ಕ ಸೆರಗು ಸರಿ ಮಾಡಿಕೊಂಡಳು. “ಯಾಕವಾ, ಊರಾಗ ಯಾರದಾರ ಕಳುವಾಗೇತೇನು?”

“ಹಂಗಲ್ರಿ ಮಾವಶಿ. ಸಾಮಾನು ನೋಡದ ಕಪಾಟು ಹೆಂಗ ಮಾಡೂದ್ರಿ? ಕಾಲು ನೋಡದ ಚಪ್ಪಲಿ ಹೊಲಿದಂಗ ಆಕ್ಕೈತಿ.”

“ನಮ್ಮನ್ಯಾಗ ಅಂಥಾದ್ದೇನೂ ಇಲ್ಲವಾ,” ಎಂದಳು ಅಕ್ಕ. ಅಲ್ಲಿಗೆ ಮಾತು ಮುಗಿಯಿತು.

ಇಲ್ಲಿ ನಮ್ಮ ಕಡೆಯ ಒಂದು ಮಾತು ಹೇಳಬೇಕು. ಬಂದವರಿಗೆ ಪಡಸಾಲೆ, ಬೀಗರಿಗೆ ಊಟದ ಖೋಲಿ. ಒಳಗಿನ ಖೋಲಿ ಮಾತ್ರ ಮನೆಯ ಹೆಂಗಸಿನದು. ಅದರ ಬಾಗಿಲು ಅಳಿಯನಿಗೂ ತೆರೆಯುವುದಿಲ್ಲ. ಮೂವತ್ತೈದು ವರ್ಷದ ಸಂಸಾರದಲ್ಲಿ ನಮ್ಮಕ್ಕ ಹೊರಗೆ ಎಸೆದ ವಸ್ತು ನನಗೆ ತಿಳಿದಂತೆ ಒಂದೂ ಇಲ್ಲ. ಸವೆದು ಹೋದ ಬಾವಿಯ ಗಾಲಿ ಇರುತ್ತದೆ, ಕಾಲು ಮುರಿದ ಕುರ್ಚಿ ಇರುತ್ತದೆ, ಅತ್ತೆಯ ಕಾಲದ ಕೌದಿ ಇರುತ್ತದೆ. ಅಂಥದ್ದನ್ನೆಲ್ಲ ಒಂದು ಪರಕೀಯ ಹುಡುಗಿ ಹಾಳೆಯ ಮೇಲೆ ಬರೆದುಕೊಳ್ಳುವುದೆಂದರೆ! ಹುಡುಗಿ ಹೋದ ಮೇಲೆ ಅಕ್ಕ ನನ್ನನ್ನು ಹಿಡಿದಳು. “ಲೇ ತಮ್ಮಾ, ಪೊಲೀಸ್ನವರನ್ನ ಮನಿಗೆ ಕರಕೊಂಡ ಬರೂಕಿಂತ ಮೊದಲ ಹೇಳಾಕ ಆಗಂಗಿಲ್ಲೇನ ನಿನಗ?”

ಆಗಲೇ ನನ್ನ ಬುದ್ಧಿ ಕೆಲಸ ಮಾಡಿತು. ಹಿಂದಿನ ತಿಂಗಳು ಕೊಂಡ ಹೊಸ ಫೋನಿನಲ್ಲಿ ಬೆಂಗಳೂರಿನ ದೊಡ್ಡ ಕಂಪನಿಯೊಂದರ ಜಾಹೀರಾತು ದಿನಾ ಬರುತ್ತಿತ್ತು. ಹೆಸರು ಬೇಡ, ಬರೆದರೆ ಮತ್ತೆ ಬರತೊಡಗುತ್ತದೆ. ಯಾರೂ ಮನೆಗೆ ಬರುವುದಿಲ್ಲ, ಏನೂ ಮುಟ್ಟುವುದಿಲ್ಲ, ಫೋನಿನಲ್ಲೇ ಮನೆ ನೋಡಿ, ಫೋನಿನಲ್ಲೇ ಚಿತ್ರ ಕಳಿಸಿ, ನಲವತ್ತೈದು ದಿನದಲ್ಲಿ ಎಲ್ಲ ಜೋಡಿಸಿ ಹೋಗುತ್ತಾರೆ. ನನ್ನ ವಿದ್ಯಾರ್ಥಿನಿಯನ್ನು ನಾನೇ ಪಕ್ಕಕ್ಕೆ ಸರಿಸಿ, ಕಂಪನಿಯ ಫಾರ್ಮು ತುಂಬಿದೆ. ನಿಮ್ಮ ಶೈಲಿ ಯಾವುದು ಎಂದು ಕೇಳಿದ್ದರು, ಆರು ಹೆಸರಿದ್ದವು. ನನಗೆ ಒಂದೂ ತಿಳಿಯಲಿಲ್ಲವಾದ್ದರಿಂದ ಎಲ್ಲಕ್ಕಿಂತ ಉದ್ದನೆಯದನ್ನು ಒತ್ತಿದೆ.

“ರವಿವಾರ ಹನ್ನೊಂದಕ್ಕ ಫೋನಿನ್ಯಾಗ ಮನಿ ನೋಡತಾರ ಅಕ್ಕಾ.”

“ಒಳಗಿಂದೂ ಕಾಣತೈತೇನು?”

“ಎಲ್ಲಾ ಕಾಣತೈತಿ.”

ಈ ಎರಡು ಶಬ್ದ ನಾನು ಹೇಳಬಾರದಿತ್ತು.

ರವಿವಾರ ಹೋಗಿ ನೋಡುತ್ತೇನೆ, ಮನೆ ಬಣಬಣ. ಮಾತಾಡಿದರೆ ನನ್ನದೇ ಧ್ವನಿ ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು. ಕನ್ಯಾ ನೋಡಲು ಬರುವವರಿಗೆ ಸಿದ್ಧವಾಗುವಂತೆ ಅಕ್ಕ ಇಳಕಲ್ ಸೀರೆ ಉಟ್ಟಿದ್ದಳು, ಮಾಮಾ ಇಸ್ತ್ರಿ ಮಾಡಿದ ಧೋತರ ಉಟ್ಟು ಟೋಪಿ ಹಾಕಿ ಕಾಟಿನ ತುದಿಗೆ ಕೂತಿದ್ದ. ಒಳಗಿನ ಖೋಲಿಯಲ್ಲಿ ಒಂದು ಚಾಪೆ. ಅಡುಗೆಮನೆಯಲ್ಲಿ ಎರಡು ಬೋಗುಣಿ, ಒಂದು ತವೆ.

“ಅಕ್ಕಾ, ಸಾಮಾನು?”

“ಲಕ್ಕವ್ವನ ಕೊಟಗ್ಯಾಗ ಹಾಕೀನಿ. ಆಕಿ ಎಮ್ಮಿ ಮಾರ್ಯಾಳಲ್ಲ, ಖಾಲಿ ಬಿದ್ದಿತ್ತು. ಟ್ರ್ಯಾಕ್ಟರ್ ನಾಕ ಸಲ ತಿರಗ್ತು. ನೀ ಬಾಯಿ ಮುಚಗೊಂಡ ಫೋನ್ ಹಿಡಿ.”

ಲಕ್ಕವ್ವ ಎದುರು ಮನೆಯವಳು. ನಾನು ಬಾಯಿ ಮುಚ್ಚಿಕೊಂಡು ಫೋನು ಹಿಡಿದೆ. ಕಂಪನಿಯ ಡಿಸೈನರ್ ಬಹಳ ಸೌಮ್ಯವಾದ ಹುಡುಗಿ. “ಆಂಟಿ, ಮನೆಯಲ್ಲಿ ಸಾಮಾನು ಇಷ್ಟೇನಾ?” ಎಂದು ಕೇಳಿದಳು.

“ಇಷ್ಟರಿ. ನಮಗ ಆಸಿ ಕಡಿಮಿ,” ಎಂದಳು ನಮ್ಮಕ್ಕ. ಅವಳ ಮುಖದ ಮೇಲೆ ಅಷ್ಟು ಶಾಂತಿಯನ್ನು ನಾನು ಹಿಂದೆ ಕಂಡಿರಲಿಲ್ಲ.

“ವಾವ್! ನೀವು ತುಂಬಾ ಮಿನಿಮಲ್ ಆಗಿದ್ದೀರಿ. ಬೆಂಗಳೂರಿನಲ್ಲಿ ಜನ ಇದನ್ನು ಕಲಿಯೋಕೆ ಕ್ಲಾಸಿಗೆ ಹೋಗ್ತಾರೆ!”

ಮಾಮಾ ನನ್ನ ಕಿವಿಯಲ್ಲಿ, “ಮಿನಿಮಲ್ ಅಂದ್ರೇನೋ ಮಾಸ್ತರ?” ಎಂದ.

“ಹೊಗಳಾಕತ್ತಾಳ, ಸುಮ್ನಿರು ಮಾಮಾ.”

ಎಂಟು ದಿನದಲ್ಲಿ ಚಿತ್ರ ಬಂದವು. ಸುಳ್ಳು ಹೇಳಬಾರದು, ಬಹಳ ಚಂದ ಇದ್ದವು. ಬಿಳಿ ಸೋಫಾ, ಎತ್ತರದ ದೀಪ, ಅಡುಗೆಮನೆಯಲ್ಲಿ ನಾಲ್ಕೇ ನಾಲ್ಕು ಖಾನೆ, ಕಟ್ಟೆಯ ಮೇಲೆ ಬಟ್ಟಲಲ್ಲಿ ಮೂರು ಹಸಿರು ಸೇಬು. ಮಾಮಾ ಕನ್ನಡಕ ಏರಿಸಿ ನೋಡಿ, “ದ್ರಾಕ್ಷಿ ಬೆಳಿಯೋರ ಮನ್ಯಾಗ ಸೇಬು ಯಾಕ ಇಟ್ಟಾರ? ಮಂದಿ ನೋಡಿದ್ರ ಬೆಳಿ ಹೋತೇನು ಅಂತಾರ” ಎಂದ. ಆದರೂ ಕಾರ್ಖಾನೆಯ ಯಾರ್ಡಿನಲ್ಲಿ ಪಾಳಿ ಹಚ್ಚಿ ನಿಂತವರಿಗೆಲ್ಲ ಆ ಚಿತ್ರ ತೋರಿಸಿ ಬಂದ. ಆ ಹುಡುಗಿಯದೇನೂ ತಪ್ಪಿಲ್ಲ. ನಾವು ತೋರಿಸಿದ ಮನೆಗೆ ಅವಳು ಸರಿಯಾಗಿಯೇ ಮಾಡಿದ್ದಳು. ನಾವು ಆ ಮನೆಯವರಾಗಿರಲಿಲ್ಲ, ಅಷ್ಟೇ.

ಡಿಸೆಂಬರ್ ಮೂವತ್ತೊಂದರೊಳಗೆ ಕೆಲಸ ಒಪ್ಪಿಸಿದರೆ ದರದಲ್ಲಿ ಸವಲತ್ತು ಇತ್ತು. ಅಷ್ಟರಲ್ಲಿ ಇನ್ನೊಂದು ಸಲ ಫೋನಿನಲ್ಲಿ ನೋಡುತ್ತಾರೆ, ಅಳತೆಯವರೂ ಯಾವತ್ತಾದರೂ ಬರಬಹುದು ಎಂದಿದ್ದರು. ಹಾಗಾಗಿ ಸಾಮಾನು ಕೊಟ್ಟಿಗೆಯಿಂದ ವಾಪಸ್ ಬರುವಂತಿರಲಿಲ್ಲ. ಆಸೆ ಕಡಿಮೆಯ ಸಂಸಾರ ಶುರುವಾಯಿತು. ಅನ್ನ ಮಾಡಿದ ಬೋಗುಣಿ ತೊಳೆದು ಅದರಲ್ಲೇ ಪಲ್ಯ. ಪಲ್ಯ ಮಾಡಿದ್ದನ್ನು ತೊಳೆದು ಚಹಾ. ಚಹಾದಲ್ಲಿ ಸಾಸಿವೆ ಕಂಡ ದಿನ ಮಾಮಾ ಬೆರಳಿನಿಂದ ತೆಗೆದು ಹಾಕಿ ಕುಡಿದ. ಡಿಸೆಂಬರದ ಥಂಡಿಯಲ್ಲಿ ಒಂದೇ ಕೌದಿ ಉಳಿದಾಗ ಮಾತ್ರ ಅಂದ: “ಗಿರಿಜಾ, ಎದುರು ಮನ್ಯಾಗ ನಮ್ಮ ಇಪ್ಪತ್ತು ಕೌದಿ ಬೆಚ್ಚಗ ಮಲಗ್ಯಾವ. ನಾನೂ ಅಲ್ಲೇ ಹೋಗಿ ಮಲಗಲೇನು?”

“ಹೋಗ್ರಿ. ಅಳತಿಯವರು ಬಂದ್ರ ನೀವೂ ಇರದಿದ್ರ ಇನ್ನೂ ಚಂದ ಕಾಣತೈತಿ,” ಎಂದಳು ಅಕ್ಕ.

ಇತ್ತ ಸ್ನೇಹಲಳಿಗೆ ಹನ್ನೆರಡನೆಯ ಟಿವಿ ಶೋಕೇಸಿನ ಕೆಲಸ ಬಂತು. ಕೊಟ್ಟವಳು ಲಕ್ಕವ್ವ. ಎಮ್ಮೆ ಮಾರಿ ಟಿವಿ ತಂದಿದ್ದಳು. ಬೋರ್ಡು ಇಳಿಸುವ ಮುಂಚಿನ ಕೊನೆಯ ಕೆಲಸವೆಂದು ಹುಡುಗಿ ಸತ್ತಿಗೆ ಬಂದಳು. ಬಂದು, ತನ್ನ ರೂಢಿಯಂತೆ, “ಸಾಮಾನೆಲ್ಲಾ ತೋರಸ್ರಿ” ಎಂದಳು. ಲಕ್ಕವ್ವ ತನ್ನದಾಗಿದ್ದರೆ ಖಂಡಿತ ತೋರಿಸುತ್ತಿರಲಿಲ್ಲ. ಆದರೆ ಮಂದಿಯ ಸಾಮಾನು ತೋರಿಸಲು ಯಾರಿಗೆ ಏನು ಸಂಕೋಚ? “ಬಾರವಾ, ಕೊಟಗ್ಯಾಗ ನೋಡು” ಎಂದು ಕೊಟ್ಟಿಗೆಯ ಬಾಗಿಲನ್ನು ಪೂರ್ತಿ ತೆರೆದಳು.

ಮುಂದಿನದನ್ನು ಸ್ನೇಹಲಳೇ ನನಗೆ ಆಮೇಲೆ ಹೇಳಿದಳು. ಎಮ್ಮೆಗೆ ಮೇವು ಹಾಕುವ ಗೋದಲಿಯಲ್ಲಿ ಪಾತ್ರೆ, ಅದರ ಮೇಲೆ ಹಿಟ್ಟು ನಾದುವ ಪರಾತ, ಮೂಲೆಯಲ್ಲಿ ತಾಮ್ರದ ಹಂಡೆ, ಹಂಡೆಯೊಳಗೆ ಒಣದ್ರಾಕ್ಷಿಯ ಡಬ್ಬಿ, ಜಂತಿಯವರೆಗೆ ಕೌದಿ. ಬರೆಯುತ್ತ ಹೋದಳು. ಒಂದು ಕೊಡ ತಿರುಗಿಸಿದಾಗ ಕಂಠದ ಮೇಲೆ ಕೊರೆಸಿದ ಹೆಸರು: ಸೌ. ಗಿರಿಜವ್ವ ಧರೆಪ್ಪ. ಇನ್ನೊಂದರ ಮೇಲೂ ಅದೇ. ತಂಬಿಗೆಯ ಮೇಲೂ ಅದೇ. ನಮ್ಮಕ್ಕ ಚಮಚಕ್ಕೂ ಹೆಸರು ಹಾಕಿಸಿದವಳು.

“ಲಕ್ಕವ್ವಾ, ಇವು...”

“ನಾ ಏನೂ ಹೇಳಿಲ್ಲವಾ. ನೀನ ಓದಿದಿ,” ಎಂದಳಂತೆ ಲಕ್ಕವ್ವ.

ಹುಡುಗಿ ಅರ್ಧಕ್ಕೆ ಬಿಟ್ಟು ಹೋಗಲಿಲ್ಲ. ಕೂತು ಎಲ್ಲವನ್ನೂ ಒಂದೊಂದಾಗಿ ಅಳೆದಳು.

ಡಿಸೆಂಬರ್ ಇಪ್ಪತ್ತೊಂಬತ್ತು. ನಾನು ಕಂಪನಿಗೆ ಒಪ್ಪಿಗೆ ಒತ್ತಿಕೊಡಲು ಸತ್ತಿಗೆ ಹೋಗಿದ್ದೆ. ಮಾಮಾನಿಗೆ ಇಂಗ್ಲಿಷ್ ಬಟನ್ನಿನ ಭಯ. ಅಷ್ಟರಲ್ಲಿ ಅಂಗಳದಲ್ಲಿ ಸ್ಕೂಟಿ ನಿಂತಿತು. ನಾನು ತಲೆ ತಗ್ಗಿಸಿ ಫೋನು ನೋಡತೊಡಗಿದೆ. ಸ್ನೇಹಲ ನನ್ನತ್ತ ನೋಡಲೂ ಇಲ್ಲ. ಸೀದಾ ಅಕ್ಕನ ಮುಂದೆ ಚಾಪೆಯ ಮೇಲೆ ಕೂತು ದೊಡ್ಡ ಹಾಳೆ ಬಿಚ್ಚಿದಳು.

“ಮಾವಶಿ, ಕೆಲಸ ಕೊಡ್ರಿ ಬಿಡ್ರಿ. ನಾ ನಾಳಿದ್ದ ಕೊಲ್ಲಾಪುರಕ್ಕ ಹೋಗಾಕಿ. ನೀವು ಒಳಗ ತೋರಿಸಲಿಲ್ಲ, ನಾ ಅಂದಾಜಿಲೆ ಹಾಕೀನಿ. ಒಮ್ಮೆ ನೋಡ್ರಿ.”

ಅಕ್ಕ ಬೇಕೋ ಬೇಡವೋ ಎಂಬಂತೆ ಬಗ್ಗಿದಳು. ಹಾಳೆಯ ಮೇಲೆ ಹಂಡೆಗೆ ಜಾಗ ಇತ್ತು. ಕೊಡಗಳಿಗೆ ಸಾಲಾಗಿ ಗೂಡು. ಪರಾತ ನಿಲ್ಲಿಸಲು ಸಂದಿ. ಲಗ್ನವಾದ ಹೆಣ್ಣುಮಕ್ಕಳು ತಮ್ಮ ಮಕ್ಕಳೊಂದಿಗೆ ಬಂದರೆ ಕೈಗೆ ಸಿಗುವಂತೆ ಇಪ್ಪತ್ತು ಕೌದಿಗೆ ಅಗಲವಾದ ಕಪಾಟು, ಅದಕ್ಕೆ ಒಳಗಿನಿಂದ ಗಾಳಿಯ ತೂತು. ನಿಂತು ರೊಟ್ಟಿ ಬಡಿಯುವ ರೂಢಿ ಇಲ್ಲದವರಿಗೆ ಕೂತು ಬಡಿಯುವ ಕಟ್ಟೆ. ಮತ್ತು ಎಲ್ಲಕ್ಕೂ ಬಾಗಿಲು. ಮುಚ್ಚಿದರೆ ಹೊರಗಿನಿಂದ ಬರೀ ಕಟ್ಟಿಗೆಯ ಗೋಡೆ. ಒಳಗೆ ಏನಿದೆಯೆಂದು ಯಾರಿಗೂ ತಿಳಿಯುವಂತಿರಲಿಲ್ಲ.

ಅಕ್ಕನ ಬೆರಳು ಒಂದು ಕಡೆ ನಿಂತಿತು. “ಇದೇನ ಇಲ್ಲಿ, ಸಣ್ಣದು?”

“ಮೂರು ಕಾಲಿನ ಕುರ್ಚಿ ಇಡಾಕ್ರಿ.”

ಬಣಬಣ ಮನೆ ಇನ್ನೂ ಬಣಬಣ ಆಯಿತು. ಅಕ್ಕ ಎದುರು ಮನೆಯ ಕಡೆ ಒಮ್ಮೆ ನೋಡಿದಳು, ಹುಡುಗಿಯ ಕಡೆ ಒಮ್ಮೆ.

“ಯಾರ ಹೇಳಿದ್ರು ನಿನಗ, ನಮ್ಮನ್ಯಾಗ ಮೂರು ಕಾಲಿನ ಕುರ್ಚಿ ಐತೆಂತ?”

“ಯಾರೂ ಹೇಳಿಲ್ರಿ ಮಾವಶಿ,” ಎಂದಳು ಸ್ನೇಹಲ, ಕಣ್ಣು ಮಿಟುಕಿಸದೆ. “ನಮ್ಮನ್ಯಾಗೂ ಒಂದು ಐತಿ. ಅವ್ವ ಒಗಿಯಾಕ ಕೊಡಂಗಿಲ್ಲ.”

ನಾನು ಆ ಕ್ಷಣದಲ್ಲಿ ಆಡಬಾರದ ಮಾತು ಆಡಿದೆ. “ಅಕ್ಕಾ, ಕಂಪನಿಯವರ ಸವಲತ್ತು ನಾಳಿದ್ದಿಗೆ ಮುಗಿತೈತಿ, ಒತ್ತಲೇನು?”

“ನೀ ಒತ್ತಿದ್ದು ಸಾಕು ತಮ್ಮಾ. ಇಪ್ಪತ್ತು ದಿನದಿಂದ ಸಾಸಿವಿ ಚಹಾ ಕುಡಿಸಿ,” ಎಂದು ಅಕ್ಕ ಎದ್ದು ನಿಂತಳು. “ಆ ಬೆಂಗಳೂರ ಹುಡುಗಿಗೆ ಫೋನ್ ಮಾಡಿ ಹೇಳು. ಚಿತ್ರ ಭಾಳ ಚಂದ ಇದ್ದವು, ನಾವ ಅಷ್ಟು ಚಂದ ಇಲ್ಲ ಅಂತ.”

ನಾನು ಹಾಗೆಯೇ ಹೇಳಿದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಒಂದು ಸಂದೇಶ ಬಂತು. ಐದೂ ಕೊಟ್ಟೆ. ನನಗೆ ಯಾರಾದರೂ ಅಂಕ ಕೊಟ್ಟಿದ್ದರೆ ಮೂವತ್ತಾರು ಸಹ ಸಿಗುತ್ತಿರಲಿಲ್ಲ.

ಮರುದಿನ ಹಾಡುಹಗಲೇ ಟ್ರ್ಯಾಕ್ಟರು ಎದುರು ಮನೆಯಿಂದ ಈ ಮನೆಗೆ ನಾಲ್ಕು ಸಲ ತಿರುಗಿತು. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಅಕ್ಕ ತಲೆ ಎತ್ತಿಯೇ ನಡೆದಳು. ಯಾರಾದರೂ ಕೇಳಿದರೆ, “ಇಂಟೀರಿಯರ್ ಮಾಡಸಾಕತ್ತೀವಿ” ಎಂದಳು. ಸ್ನೇಹಲ ಅಪ್ಪನಿಗೆ ಫೋನು ಮಾಡಿ, ತಾನು ಬರುವುದಿಲ್ಲವೆಂದು ಶೋರೂಮಿನವರಿಗೆ ತಿಳಿಸಲು ಹೇಳಿದಳು. ಆಮೇಲೆ ಅಕ್ಕ ಅವಳನ್ನು ಒಳಗೆ ಕರೆದುಕೊಂಡು, ನನ್ನನ್ನೂ ಮಾಮಾನನ್ನೂ ಹೊರಗೆ ಹಾಕಿ, ಒಳಗಿನ ಖೋಲಿಯ ಬಾಗಿಲು ಮುಚ್ಚಿದಳು.

ನಾವಿಬ್ಬರು ಕಟ್ಟೆಯ ಮೇಲೆ ಕೂತೆವು. ಒಳಗೆ ಪಾತ್ರೆಯ ಸದ್ದು, ನಡುನಡುವೆ ಇಬ್ಬರ ನಗು. “ಲಗ್ನದಾಗ ತಂದ ಟ್ರಂಕಿನ್ಯಾಗ ಏನ ಇಟ್ಟಾಳೋ ಮಾಸ್ತರ?” ಎಂದು ಮಾಮಾ ಕೇಳಿದ. “ಮೂವತ್ತೈದು ವರ್ಷದಾಗ ನಾ ನೋಡಿಲ್ಲ.” ನಾನು ಬಲ್ಲವನಂತೆ ತಲೆ ಆಡಿಸಿದೆ.

ಎರಡು ತಾಸಿನ ಮೇಲೆ ಬಾಗಿಲು ತೆರೆಯಿತು. ಸ್ನೇಹಲಳ ತಲೆಯ ಮೇಲೆ ಜೇಡರ ಬಲೆ, ಕೈಯಲ್ಲಿ ತುಂಬಿದ ನೋಟ್‌ಬುಕ್ಕು. ಇಡೀ ಮನೆ ಸಿಕ್ಕ ಖುಷಿ ಮುಖದಲ್ಲಿತ್ತು, ಸ್ವಲ್ಪ ಗಾಬರಿಯೂ ಇತ್ತು.

“ಕಾಕಾ,” ಎಂದಳು ಮಾಮಾನ ಕಡೆ ತಿರುಗಿ, “ಮನಿ ಸಣ್ಣದಾಗೇತ್ರಿ. ಹಿಂದ ಇನ್ನೊಂದು ಖೋಲಿ ಕಟ್ಟಸಬೇಕಾಕ್ಕೈತಿ.”