ಉದ್ದಪ್ಪನವರ ಕೈಸೇರದ ಏಳು ಪತ್ರಗಳು

ಯಮಕನಮರಡಿಯಲ್ಲಿ ಮೊದಲ ಬಸ್ಸು ನಿಂತಾಗ ಇನ್ನೂ ನಸುಕು. ಹಮಾಲಿ ಉದ್ದಪ್ಪ ಏಣಿ ಹತ್ತಿ ಮೆಣಸಿನಕಾಯಿ ಚೀಲ ಇಳಿಸುತ್ತಾರೆ. ಬಿಸಿಲೇರುವ ಹೊತ್ತಿಗೆ ಟವೆಲ್ಲು ಕೊಡವಿ ಅಲ್ಲೇ ಕಟ್ಟೆಯ ಮೇಲೆ ಕೂತು ಪೆನ್ಸಿಲ್ಲು ಹಿಡಿಯುತ್ತಾರೆ. ಪಕ್ಕದಲ್ಲಿ ಮುದುಕಿ ಕೆಂಪವ್ವ. ಅವಳ ಮಗ ಜೈಲಿನಲ್ಲಿದ್ದಾನೆ.

"ಎಮ್ಮಿ ಈದೈತಿ ಅಂತ ಬರಿಯಪಾ."

"ಹೆಣ್ಗರಾನೋ ಗಂಡಗರಾನೋ ಯವ್ವಾ? ಅದನ್ನೂ ಬರೀತೇನಿ. ಒಳಗಿದ್ದಾಂವ ಅದನ್ನ ನೆನಸಿಕೋತ ಹತ್ತ ದಿನಾ ಕಳೀತಾನ."

ಕೈದಿಗಳ ಮನೆಯವರಿಗಾಗಿ ವಾರಕ್ಕೆ ಇಪ್ಪತ್ತು ಪತ್ರ ಬರೆಯುವ ಈ ಮನುಷ್ಯನಿಗೆ ಒಂದು ಕಾಲಕ್ಕೆ ಅಕ್ಷರವೇ ಬರುತ್ತಿರಲಿಲ್ಲ.

1955ರಲ್ಲಿ ತುಕ್ಕಾನಟ್ಟಿಯಲ್ಲಿ ನೀರಿನ ಪಾಳಿಗಾಗಿ ಜಗಳವಾಗಿ, ಇವರ ಬಡಿಗೆಯ ಏಟಿಗೆ ಒಬ್ಬನ ಕಾಲು ಮುರಿಯಿತು. ಆರು ವರ್ಷ ಸಜೆ. ಮದುವೆಯಾಗಿ ವರ್ಷವೂ ತುಂಬದ ಹೆಂಡತಿ ಗುಡ್ಡವ್ವ ಊರಲ್ಲಿ ಉಳಿದಳು. ಅವಳಿಂದ ಒಂದು ಸುದ್ದಿಯೂ ಇಲ್ಲ. ಜೊತೆಯ ಕೈದಿ ಮಾಲಿಂಗಪ್ಪ ನೆಲದ ಮೇಲೆ ಇದ್ದಿಲಿನಲ್ಲಿ ಅಕ್ಷರ ತಿದ್ದಿಸಿದ ಮೇಲೆ ಉದ್ದಪ್ಪ ತಾವೇ ಬರೆದರು. ಅದಕ್ಕೂ ಉತ್ತರವಿಲ್ಲ.

ನಾಲ್ಕನೇ ವರ್ಷ ಜೈಲಿನ ಕಚೇರಿ ಕಸ ಗುಡಿಸುವಾಗ, ಅರೆತೆರೆದ ಕಪಾಟಿನಲ್ಲಿ ಪತ್ರಗಳ ಕಟ್ಟು ಕಂಡಿತು. "ಮೊದಲ ನನ್ನ ಹೆಸರ ಓದಿದ್ನಿ. ಆಮ್ಯಾಲ ಆಕೀ ಹೆಸರು. ಕಸಬರಗಿ ಅಲ್ಲೇ ಒಗದ ಜೈಲರ್ ಕಡೆ ಹ್ವಾದ್ನಿರಿ."

ಕೇಳಿದ್ದಕ್ಕೆ ಜೈಲರ್ ಎಂಟು ದಿನ ಕತ್ತಲ ಕೋಣೆಗೆ ಹಾಕಿದ. ಆ ಕೋಣೆಯಿಂದ ಹೊರಬಂದವರೇ ಕೋರ್ಟಿಗೆ ಅರ್ಜಿ ಬರೆದರು. ಬೇರೆ ಕೆಲಸಕ್ಕೆ ಜೈಲಿಗೆ ಬಂದಿದ್ದ ಹುಕ್ಕೇರಿಯ ವಕೀಲ ಅಣ್ಣಪ್ಪ ಅದನ್ನು ಒಯ್ದು ಜೈಲರ್ ಮೇಲೆ ದಾವೆ ಹೂಡಿದರು. ಅರ್ಜಿ ಹಿಂದಕ್ಕೆ ತೆಗೆದುಕೊಂಡರೆ ಆರು ತಿಂಗಳು ಮೊದಲೇ ಬಿಡುಗಡೆ ಎಂಬ ಆಸೆ ತೋರಿಸಿದರು ಜೈಲಿನವರು. ಉದ್ದಪ್ಪ ಒಪ್ಪಲಿಲ್ಲ.

ಮನೆಗೆ ಹೋಗುವ ಆಸೆ ಇರಲಿಲ್ಲವೇ ಎಂದು ಕೇಳುತ್ತೇನೆ.

"ಅದೊಂದ ಆಸೆ ಇತ್ರಿ. ಖರೆ, ತಪ್ಪ ಮಾಡಿದ್ನಿ, ಶಿಕ್ಷಾ ಅನುಭವಿಸಿದ್ನಿ. ಪತ್ರ ಕಸಗೊಳ್ಳೂದು ಆ ಶಿಕ್ಷಾದಾಗ ಇರಲಿಲ್ಲ."

ಹದಿನಾಲ್ಕು ತಿಂಗಳ ಬಳಿಕ ಕೋರ್ಟು ಜೈಲರ್‌ನದೇ ತಪ್ಪು ಎಂದಿತು. ಇನ್ನು ಮುಂದೆ ಪ್ರತಿ ಪತ್ರವನ್ನೂ ಕೈದಿಯ ಕೈಗೇ ಕೊಟ್ಟು ಸಹಿ ಪಡೆಯಬೇಕೆಂದು ಆಜ್ಞೆ ಮಾಡಿತು. ಆದರೆ ಗುಡ್ಡವ್ವ ಸಾಲಿ ಮಾಸ್ತರರಿಂದ ಬರೆಸಿದ್ದ ಹನ್ನೊಂದು ಪತ್ರಗಳಲ್ಲಿ ಏಳು, ಜೊತೆಗೆ ಉದ್ದಪ್ಪ ಬರೆದ ಅಷ್ಟೂ, ಜೈಲಿನ ಬಚ್ಚಲ ಒಲೆಗೆ ಹೋಗಿದ್ದವು. ಕೈಗೆ ಬಂದ ನಾಲ್ಕರಲ್ಲಿ ಕೊನೆಯದು ಎರಡು ವರ್ಷ ಹಳೆಯದು: "ತವರಮನ್ಯಾಗ ಇನ್ನೊಬ್ಬನ ಕೂಡ ಉಡಿಕಿ ಮದವಿ ಮಾಡತೇವಿ ಅನ್ನಾಕತ್ತಾರ. ಬ್ಯಾಡಂತ ಒಂದ ಸಾಲ ಬರಿ. ಕಾಯತೇನಿ."

ಬಿಡುಗಡೆಯ ಹೊತ್ತಿಗೆ ಗುಡ್ಡವ್ವ ಮೂಡಲಗಿಯಲ್ಲಿ ಬೇರೊಬ್ಬರ ಮನೆ ತುಂಬಿದ್ದಳು, ಕಂಕುಳಲ್ಲಿ ಕೂಸು. ಉದ್ದಪ್ಪ ಊರಿಗೆ ಹೋಗದೆ ಇಲ್ಲಿಗೆ ಬಂದರು. ಅದಾಗಿ ಮೂರು ವರ್ಷ.

ಅವಳಿಗೊಂದು ಪತ್ರ ಬರೆಯಬಾರದೇ ಎಂದರೆ ಬೇಡವೆಂದು ತಲೆಯಾಡಿಸುತ್ತಾರೆ.

"ಆಕೀ ಸಂಸಾರ ಆಕೀದ್ರಿ, ಚಂದ ಇರಲಿ. ಯಾವಾಗರೆ ಹುಕ್ಕೇರಿ ಸಂತ್ಯಾಗ ಎದುರಾದ್ರ ಒಂದ ಮಾತ ಹೇಳಬೇಕಂತ ಐತಿ. 'ನಾನೂ ಬರದಿದ್ನಿ' ಅಂತ. ಅಷ್ಟರಿ."